ಬೀಗದ ಕೈ ಯಾರ ಕೈಯಲ್ಲಿ?

ಕೂಡುಕುಟುಂಬದ ಮನೆಗಳಲ್ಲಿ ಉಗ್ರಾಣದ ಬೀಗದ ಕೈ ಹಿರಿಯ ಹೆಂಗಸಿನ ಸೆರಗಿನ ತುದಿಯಲ್ಲಿರುತ್ತಿತ್ತು. ಸೊಸೆಗೆ ಸಕ್ಕರೆ ಬೇಕಾದರೆ ಕೇಳಬೇಕು; ಕೇಳಿದರೆ ಸಿಕ್ಕುತ್ತಿತ್ತು, ಆದರೆ ಎಷ್ಟು ಎಂಬುದನ್ನು ಅತ್ತೆಯೇ ಅಳೆದು ಕೊಡುತ್ತಿದ್ದಳು. ಈ ಏರ್ಪಾಡನ್ನು ನೆನೆದು ಇಂದು ನಗುವವರು ನಗಲಿ. ಯಾರು ಯಾವ ಬಾಗಿಲನ್ನು ತೆರೆಯಬಹುದು, ತೆರೆದವರು ಬರಿದೆ ನೋಡಿ ಬರಬೇಕೇ ಅಥವಾ ತೆಗೆದುಕೊಂಡೂ ಬರಬಹುದೇ ಎಂಬ ಪ್ರಶ್ನೆಗೆ ಅದೊಂದು ಉತ್ತರವಾಗಿತ್ತಷ್ಟೆ. ಕಚೇರಿಗಳಲ್ಲಿ ಅದೇ ಕೆಲಸವನ್ನು ದಫ್ತರಖಾನೆಯ ಗುಮಾಸ್ತರು ಮಾಡುತ್ತಿದ್ದರು. ಕೆಂಪು ದಾರ ಕಟ್ಟಿದ ಕಡತವೊಂದು ಬೀರುವಿನಿಂದ ಹೊರಬರಬೇಕಾದರೆ ಪುಸ್ತಕದಲ್ಲಿ ರುಜು ಬೀಳಬೇಕಾಗಿತ್ತು.

ಈಗ ಕಡತಗಳು ಗಣಕಯಂತ್ರದೊಳಗೆ ಸೇರಿವೆ. ಬೀರು ಕಣ್ಣಿಗೆ ಕಾಣುವುದಿಲ್ಲ, ಬೀಗವೂ ಕಾಣುವುದಿಲ್ಲ. ಆದರೆ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ. ಒಂದು ಬೀರುವಿನ ಬೀಗ ಬದಲಾಯಿಸುವುದು ಸುಲಭ. ಒಂದರೊಳಗೊಂದು ಹುದುಗಿದ ಸಾವಿರಾರು ಬೀರುಗಳ ಬೀಗಗಳನ್ನು ಒಂದೇ ಮಾತಿನಲ್ಲಿ ಬದಲಾಯಿಸಬೇಕಾದಾಗ ಏನಾಗುತ್ತದೆ? ಈ ವಾರ ನಮ್ಮ ವಿಷಯ ಅದೇ. ಇದು ಯಂತ್ರತಜ್ಞರ ಸ್ವಂತ ವಿಚಾರವೆಂದು ವಾಚಕರು ಪುಟ ಮಗುಚದಿರಲಿ. ಆ ಬೀರುಗಳಲ್ಲಿ ಇರುವುದು ನಮ್ಮ ನಿಮ್ಮ ಸಂಬಳದ ಪಟ್ಟಿ, ಸಾಲದ ಲೆಕ್ಕ, ರೋಗದ ವಿವರ.

ರಾಚೆಸ್ಟರಿನ ಯಂತ್ರ

ಗಣಕಯಂತ್ರಗಳನ್ನು ಸ್ಥೂಲವಾಗಿ ಮೂರು ಅಂತಸ್ತಿನವೆಂದು ವಿಂಗಡಿಸುವ ವಾಡಿಕೆಯುಂಟು. ದೊಡ್ಡ ಬ್ಯಾಂಕುಗಳೂ ಸರಕಾರಗಳೂ ಬಳಸುವ ಮೇನ್‌ಫ್ರೇಮ್ ಒಂದು ತುದಿ. ಮೇಜಿನ ಮೇಲಿನ ಸ್ವಂತ ಕಂಪ್ಯೂಟರು ಇನ್ನೊಂದು ತುದಿ. ಇವೆರಡರ ನಡುವೆ ಮಧ್ಯಮ ಗಾತ್ರದ, ಮಿಡ್‌ರೇಂಜ್ ಎಂದು ಕರೆಯಲ್ಪಡುವ ಯಂತ್ರಗಳಿವೆ. ಸಗಟು ವ್ಯಾಪಾರಿ, ಕಾರ್ಖಾನೆ, ಆಸ್ಪತ್ರೆ, ಸಣ್ಣ ಬ್ಯಾಂಕು, ಇಂಥವರ ನಿತ್ಯದ ಲೆಕ್ಕವನ್ನು ಸದ್ದಿಲ್ಲದೆ ಹೊರುವವು ಇವು. ಮಧ್ಯಮ ವರ್ಗದ ಸಂಸಾರದಂತೆಯೇ ಇವುಗಳ ಹೆಸರು ಪತ್ರಿಕೆಗಳಲ್ಲಿ ಬರುವುದು ಅಪರೂಪ.

ಇವುಗಳಲ್ಲಿ ಬಹು ಪ್ರಸಿದ್ಧವಾದುದು ಹುಟ್ಟಿದ್ದು ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರ್ ಎಂಬ ಊರಿನಲ್ಲಿ. ಮೇಯೋ ಆಸ್ಪತ್ರೆಯಿಂದ ಜಗತ್ತಿಗೆ ಪರಿಚಿತವಾದ ಆ ಊರಿನಲ್ಲಿ ಐ.ಬಿ.ಎಂ. ಸಂಸ್ಥೆ ೧೯೫೬ರಲ್ಲಿ ಕಾಲೂರಿತು. ಈರೋ ಸಾರಿನೆನ್ ಎಂಬ ವಾಸ್ತುಶಿಲ್ಪಿ ಅದಕ್ಕೆ ನೀಲಿ ಗೋಡೆಗಳ ಕಟ್ಟಡವನ್ನು ರೂಪಿಸಿಕೊಟ್ಟ. ಅಲ್ಲಿಂದ ೧೯೭೮ರಲ್ಲಿ ಸಿಸ್ಟಂ ೩೮ ಎಂಬ ಯಂತ್ರ ಪ್ರಕಟವಾಯಿತು. ಅದರ ತತ್ತ್ವಗಳನ್ನೇ ಬೆಳೆಸಿ ೧೯೮೮ರ ಜೂನ್ ೨೧ರಂದು ಎ.ಎಸ್. ೪೦೦ ಎಂಬ ಯಂತ್ರವನ್ನು ಲೋಕಕ್ಕೆ ಪರಿಚಯಿಸಿದರು. ಇದರ ರಚನೆಯ ಮುಖ್ಯ ಶಿಲ್ಪಿಯೆಂದು ಫ್ರಾಂಕ್ ಸೋಲ್ಟಿಸ್ ಹೆಸರು ಮಾಡಿದರು. ಬಳಿಕ ಯಂತ್ರಕ್ಕೆ ನಾಮಕರಣದ ಮೇಲೆ ನಾಮಕರಣವಾಯಿತು: ೨೦೦೦ದಲ್ಲಿ ಐ-ಸೀರೀಸ್, ೨೦೦೬ರಲ್ಲಿ ಸಿಸ್ಟಂ ಐ. ೨೦೦೮ರಿಂದ ಅದನ್ನು ನಡೆಸುವ ಕಾರ್ಯವ್ಯವಸ್ಥೆಗೆ ಐಬಿಎಂ ಐ ಎಂದು ಹೆಸರು. ಹಳಬರ ಬಾಯಲ್ಲಿ ಮಾತ್ರ ಅದು ಇಂದಿಗೂ ‘ಎ.ಎಸ್. ನಾನೂರು’. ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳಲ್ಲಿ ಕುಳಿತು ಸಮುದ್ರದಾಚೆಯ ಸಂಸ್ಥೆಗಳ ಇಂಥ ಯಂತ್ರಗಳನ್ನು ನೋಡಿಕೊಳ್ಳುವ ತರುಣ ತರುಣಿಯರಿದ್ದಾರೆ. ಅಲ್ಲಿ ಹಗಲಾದಾಗ ನಮ್ಮಲ್ಲಿ ಇರುಳಾದ್ದರಿಂದ, ನಿಮ್ಮ ಬೀದಿಯಲ್ಲಿ ನಡುರಾತ್ರಿ ಮೀರಿಯೂ ದೀಪವುರಿಯುವ ಮನೆಯೊಂದರಲ್ಲಿ ಇದೇ ಕೆಲಸ ನಡೆದಿರಬಹುದು.

ಈ ಯಂತ್ರದಲ್ಲಿ ಮೊದಲು ಕಡತಗಳನ್ನಿಡುತ್ತಿದ್ದ ಕ್ರಮ ಸರಳವಾಗಿತ್ತು. ‘ಲೈಬ್ರರಿ’ ಎಂಬ ವಿಭಾಗಗಳು, ಪ್ರತಿ ಲೈಬ್ರರಿಯೊಳಗೆ ವಸ್ತುಗಳು. ಸಾಮಾನ್ಯ ಲೈಬ್ರರಿಯೊಂದರ ಒಳಗೆ ಇನ್ನೊಂದು ಲೈಬ್ರರಿ ಇರುವಂತಿಲ್ಲ. ಒಂದೇ ಅಂತಸ್ತಿನ ಮನೆ. ೧೯೯೪ರಲ್ಲಿ ಇದಕ್ಕೆ ಹೊಸ ಏರ್ಪಾಡೊಂದು ಸೇರಿತು. ಮೂಲದಲ್ಲೊಂದು ಫೋಲ್ಡರು, ಅದರೊಳಗೆ ಹಲವು ಫೋಲ್ಡರುಗಳು, ಅವುಗಳೊಳಗೆ ಮತ್ತೆ ಹಲವು, ಹೀಗೆ ಆಲದ ಮರದಂತೆ ಹಬ್ಬುವ ಏರ್ಪಾಡು ಅದು. ಅನುಕೂಲ ಬಹಳವಾಯಿತು. ಅದರೊಡನೆ ಬೀಗಗಳ ಸಂಖ್ಯೆಯೂ ಬೆಳೆಯಿತು.

ಹಕ್ಕುಗಳ ವಿವರ

ಬೀಗವೆಂದೆವು, ನಿಜವಾಗಿ ನೋಡಿದರೆ ಅದು ಅನುಮತಿಗಳ ಪಟ್ಟಿ. ಅನುಮತಿಗಳಲ್ಲಿ ಮುಖ್ಯವಾದವು ಮೂರು: ಓದುವುದು, ಬರೆಯುವುದು, ನಡೆಸುವುದು. ಕಡತದ ವಿಷಯದಲ್ಲಿ ಇವುಗಳ ಅರ್ಥ ಸ್ಪಷ್ಟವೇ ಆಗಿದೆ. ಫೋಲ್ಡರಿನ ವಿಷಯಕ್ಕೆ ಬಂದಾಗ ಅರ್ಥ ಬದಲಾಗುತ್ತದೆ, ಮತ್ತು ಅರ್ಧ ತೊಂದರೆಗಳು ಹುಟ್ಟುವುದು ಇಲ್ಲಿಯೇ. ಫೋಲ್ಡರನ್ನು ‘ಓದುವುದು’ ಎಂದರೆ ಒಳಗಿರುವ ಕಡತಗಳ ಹೆಸರುಗಳನ್ನು ನೋಡುವುದು. ‘ಬರೆಯುವುದು’ ಎಂದರೆ ಹೊಸ ಕಡತವನ್ನು ಸೇರಿಸುವುದು, ಇರುವುದನ್ನು ತೆಗೆಯುವುದು. ‘ನಡೆಸುವುದು’ ಎಂದರೆ ಆ ಫೋಲ್ಡರನ್ನು ಹಾದು ಒಳಕ್ಕೆ ಹೋಗುವುದು. ಏಳು ಸುತ್ತಿನ ಕೋಟೆಯ ಒಳಗಿನ ಕೋಣೆಗೆ ಪರವಾನಗಿಯಿದ್ದರೂ ನಡುವಿನ ಒಂದು ಹೆಬ್ಬಾಗಿಲಲ್ಲಿ ಹಾದುಹೋಗಲು ಅಪ್ಪಣೆಯಿಲ್ಲದಿದ್ದರೆ ಪರವಾನಗಿಯಿಂದ ಏನು ಪ್ರಯೋಜನ?

ಇವಲ್ಲದೆ ರಾಚೆಸ್ಟರಿನವರು ಇನ್ನೊಂದು ಭೇದವನ್ನು ಮಾಡಿದರು. ಬಾಡಿಗೆದಾರನಿಗೆ ಮನೆಯಲ್ಲಿ ವಾಸಿಸುವ ಹಕ್ಕುಂಟು. ಮನೆಯನ್ನು ಮಾರುವ ಹಕ್ಕಿಲ್ಲ. ಹಾಗೆಯೇ ಕಡತದೊಳಗಿನ ಮಾಹಿತಿಯನ್ನು ಬಳಸುವ ಹಕ್ಕು ಒಂದು ಬಗೆ; ಕಡತವನ್ನೇ ಅಳಿಸುವ, ಅದರ ಅನುಮತಿಗಳನ್ನು ಇತರರಿಗೆ ಹಂಚುವ ಹಕ್ಕು ಇನ್ನೊಂದು ಬಗೆ. ಗುಮಾಸ್ತನಿಗೆ ಮೊದಲನೆಯದು ಸಾಕು. ಎರಡನೆಯದನ್ನು ಔದಾರ್ಯದಿಂದ ಕೊಡುವುದು ಬಾಡಿಗೆದಾರನಿಗೆ ಕ್ರಯಪತ್ರ ಬರೆದುಕೊಟ್ಟಂತೆ.

ಇನ್ನು, ಯಂತ್ರವು ಅನುಮತಿಯನ್ನು ಪರೀಕ್ಷಿಸುವ ಕ್ರಮ. ಯಾರಾದರೂ ಕಡತವನ್ನು ತೆರೆಯಹೊರಟಾಗ, ಸರ್ವಾಧಿಕಾರವುಳ್ಳ ಭದ್ರತಾಧಿಕಾರಿಯಂಥವನಾದರೆ ತಡೆಯಿಲ್ಲ. ಇಲ್ಲವಾದರೆ ಯಂತ್ರ ಮೊದಲು ಆ ವ್ಯಕ್ತಿಯ ಹೆಸರಿನಲ್ಲೇ ಏನಾದರೂ ಬರೆದಿದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಅವನು ಸೇರಿದ ಗುಂಪಿನ ಹೆಸರಿನಲ್ಲಿ ನೋಡುತ್ತದೆ. ಅಲ್ಲಿಯೂ ಇಲ್ಲದಿದ್ದರೆ ಕೊನೆಗೆ ‘ಸಾರ್ವಜನಿಕ’ರಿಗೆಂದು ಬರೆದಿರುವುದನ್ನು ನೋಡುತ್ತದೆ. ಗಮನಿಸಬೇಕಾದ ಅಂಶವೆಂದರೆ, ವ್ಯಕ್ತಿಯ ಹೆಸರಿನಲ್ಲಿ ಮಾತು ಸಿಕ್ಕಿದರೆ ಯಂತ್ರ ಗುಂಪಿನ ಮತ್ತು ಸಾರ್ವಜನಿಕರ ಸಾಲುಗಳವರೆಗೆ ಹೋಗುವುದೇ ಇಲ್ಲ. ಊರಿಗೆಲ್ಲ ಊಟದ ಕರೆ ಹೋಗಿದ್ದರೂ ‘ಇಂಥವರಿಗೆ ಮಾತ್ರ ಇಲ್ಲ’ ಎಂದು ಬೇರೊಂದು ಚೀಟಿಯಿದ್ದರೆ ಅವರಿಗೆ ಎಲೆ ಬೀಳುವುದಿಲ್ಲ.

ಒಂದು ಸಾಲಿನ ಆಜ್ಞೆ

ಈಗ ಸಂಗತಿಗೆ ಬರೋಣ. ಮಿನೆಸೋಟದ ಊರೊಂದರಲ್ಲಿ ಔಷಧಿಗಳ ಸಗಟು ವ್ಯಾಪಾರದ ಸಂಸ್ಥೆಯೊಂದಿದೆಯೆಂದು ಊಹಿಸಿಕೊಳ್ಳಿ. ಅದರ ಯಂತ್ರದಲ್ಲಿ ‘ಲೆಕ್ಕಪತ್ರ’ ಎಂಬ ಫೋಲ್ಡರು. ಅದರೊಳಗೆ ‘ಬಿಲ್ಲು’ ಮತ್ತು ‘ಸಂಬಳ’ ಎಂದು ಎರಡು. ‘ಬಿಲ್ಲಿ’ನೊಳಗೆ ವರ್ಷಕ್ಕೊಂದು, ತಿಂಗಳಿಗೊಂದು, ದಿನಕ್ಕೊಂದು ಫೋಲ್ಡರು. ಹತ್ತು ವರ್ಷಗಳಿಗೆ ೩,೭೦೦ಕ್ಕೂ ಮೀರಿದವು. ಹೊಸದಾಗಿ ಸೇರಿದ ಗುಮಾಸ್ತೆಗೆ ಹಳೆಯ ಬಿಲ್ಲುಗಳು ತೆರೆಯುತ್ತಿಲ್ಲ. ಗಿರಾಕಿ ಟೆಲಿಫೋನಿನಲ್ಲಿ ಕಾಯುತ್ತಿದ್ದಾನೆ. ಬೆಂಗಳೂರಿನಲ್ಲಿ ರಾತ್ರಿಯ ಪಾಳಿಯಲ್ಲಿರುವವಳಿಗೆ ಅವಸರದ ಸಂದೇಶ ಬರುತ್ತದೆ: ‘ತಕ್ಷಣ ಸರಿಪಡಿಸಿ.’

ಒಂದೊಂದೇ ಫೋಲ್ಡರಿಗೆ ಹೋಗಿ ಅನುಮತಿ ಬದಲಾಯಿಸುತ್ತ ಕೂತರೆ ಬೆಳಗಾಗುತ್ತದೆ, ಕೆಲಸ ಮುಗಿಯುವುದಿಲ್ಲ. ಇದಕ್ಕಾಗಿಯೇ ಯಂತ್ರದಲ್ಲಿ ಆಜ್ಞೆಯೊಂದಿದೆ. ಈ ಯಂತ್ರದ ಆಜ್ಞೆಗಳೆಲ್ಲ ತಂತಿಯ ಕಾಲದ ಮಿತವ್ಯಯವನ್ನು ನೆನಪಿಸುತ್ತವೆ. ಪದಗಳನ್ನು ಮೊಟಕು ಮಾಡಿ ಸಾಮಾನ್ಯವಾಗಿ ಮೂರು ಮೂರು ಅಕ್ಷರಗಳನ್ನು ಉಳಿಸಿಕೊಂಡ ಹೆಸರುಗಳು. ‘ಚೇಂಜ್ ಅಥಾರಿಟಿ’ ಎಂಬುದು ‘ಸಿ.ಎಚ್.ಜಿ.ಎ.ಯು.ಟಿ.’ ಎಂದಾಗಿದೆ. ಯಾವ ಫೋಲ್ಡರು, ಯಾರಿಗೆ, ಯಾವ ಅನುಮತಿ ಎಂದು ಹೇಳಿ, ಜೊತೆಗೆ ‘ಸಬ್‌ಟ್ರೀ: ಎಲ್ಲವೂ’ ಎಂದು ಸೇರಿಸಿದರೆ ಮುಗಿಯಿತು. ಆಜ್ಞೆ ಕೊಂಬೆಯಿಂದ ಕೊಂಬೆಗೆ ಇಳಿದು ಪ್ರತಿ ಎಲೆಯನ್ನೂ ಮುಟ್ಟಿ ಬರುತ್ತದೆ. ಯುನಿಕ್ಸ್ ಸಂಪ್ರದಾಯದವರಿಗೆ ಇದೇ ಕೆಲಸಕ್ಕೆ ‘ಸಿ-ಎಚ್-ಮಾಡ್’ ಎಂಬ ಆಜ್ಞೆಯಿದೆ. ಅದು ೧೯೭೧ರ ಮೊದಲ ಯುನಿಕ್ಸ್ ಕೈಪಿಡಿಯಲ್ಲಿಯೇ ಇದ್ದದ್ದು, ರಾಚೆಸ್ಟರಿನ ಯಂತ್ರದಲ್ಲಿಯೂ ಈಗ ದೊರೆಯುತ್ತದೆ. ಅಲ್ಲಿ ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಅಂಕಗಳು. ಕೂಡಿದರೆ ೭. ಒಡೆಯನಿಗೊಂದು, ಗುಂಪಿಗೊಂದು, ಉಳಿದವರಿಗೊಂದು ಅಂಕ. ಮೂವರಿಗೂ ಎಲ್ಲವನ್ನೂ ಕೊಟ್ಟರೆ ೭೭೭.

ಆ ೭೭೭ ಎಂಬುದು ಅವಸರಗಾರರ ಮಂತ್ರ. ‘ಲೆಕ್ಕಪತ್ರ’ ಫೋಲ್ಡರಿನ ಮೇಲೆ ನಿಂತು ‘ಎಲ್ಲರಿಗೂ, ಎಲ್ಲವೂ, ಕೆಳಗಿನ ಎಲ್ಲಕ್ಕೂ’ ಎಂದರೆ ಗುಮಾಸ್ತೆಯ ಬಿಲ್ಲು ಕ್ಷಣದಲ್ಲಿ ತೆರೆಯುತ್ತದೆ. ಗಿರಾಕಿಗೆ ಸಮಾಧಾನ, ಮೇಲಧಿಕಾರಿಗೆ ಸಂತೋಷ, ದೂರಿನ ಕಡತ ಮುಕ್ತಾಯ. ಆದರೆ ಅದೇ ಕ್ಷಣದಲ್ಲಿ ಪಕ್ಕದ ‘ಸಂಬಳ’ದ ಬಾಗಿಲೂ ತೆರೆಯಿತು. ಯಾರಿಗೆ ಎಷ್ಟು ಸಂಬಳ, ಯಾರ ಸಂಬಳದಿಂದ ಕೋರ್ಟಿನ ಆಜ್ಞೆಯಂತೆ ಹಣ ಕಡಿತವಾಗುತ್ತಿದೆ ಎಂಬುದೆಲ್ಲ ಉಗ್ರಾಣದ ಕೂಲಿಯಿಂದ ಮೊದಲುಗೊಂಡು ಎಲ್ಲರಿಗೂ ಓದಲು, ಬೇಕಾದರೆ ತಿದ್ದಲು ಸಿಕ್ಕಿತು.

ಇದರ ಬಗ್ಗೆ ನಾಳೆ ಯಾರು ದೂರು ಕೊಡುತ್ತಾರೆ? ಯಾರೂ ಇಲ್ಲ.

ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೇಲ್ ಶ್ರೋಡರ್ ಎಂಬಿಬ್ಬರು ೧೯೭೫ರಲ್ಲಿ ಗಣಕಯಂತ್ರದಲ್ಲಿ ಮಾಹಿತಿಯನ್ನು ಕಾಪಾಡುವ ಬಗೆಯನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಈ ಕ್ಷೇತ್ರದಲ್ಲಿ ಅದು ಇಂದಿಗೂ ಆಧಾರಗ್ರಂಥದಂತಿದೆ. ಪ್ರತಿಯೊಬ್ಬರಿಗೂ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಲಿ ಎಂಬುದು ಅದರ ಒಂದು ಸೂತ್ರ. ಅನುಮತಿಯೆಂದು ಬರೆದಿಲ್ಲದಿದ್ದರೆ ನಿಷೇಧವೆಂದೇ ಭಾವಿಸಬೇಕು ಎಂಬುದು ಇನ್ನೊಂದು. ಇದಕ್ಕೆ ಅವರು ಕೊಡುವ ಕಾರಣ ಸಂಸಾರಿಗಳಿಗೂ ಮನನೀಯವಾದುದು. ಕೊಡಬೇಕಾದ ಅನುಮತಿಯನ್ನು ತಪ್ಪಿ ಕೊಡದಿದ್ದರೆ, ಸಿಕ್ಕದವನು ಕೂಡಲೇ ಬಂದು ಕೇಳುತ್ತಾನೆ; ತಪ್ಪು ಬಯಲಾಗುತ್ತದೆ. ಕೊಡಬಾರದ ಅನುಮತಿಯನ್ನು ತಪ್ಪಿ ಕೊಟ್ಟರೆ ಅದು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಮುಚ್ಚಿದ ಬಾಗಿಲು ಕೂಗಿ ಹೇಳುತ್ತದೆ. ತೆರೆದ ಬಾಗಿಲು ಮೌನವಾಗಿರುತ್ತದೆ. ಅನುಮತಿಗಳ ವಿಷಯದಲ್ಲಿ ತಿಳಿಯಬೇಕಾದ ಸಾರವೆಲ್ಲ ಇಷ್ಟೇ ಎಂದರೂ ತಪ್ಪಾಗಲಾರದು. ಆ ಮೌನದ ಲಾಭವನ್ನು ಪಡೆಯುವವರು ಸಂಸ್ಥೆಯ ಒಳಗಿನವರೇ ಆಗಬೇಕೆಂದಿಲ್ಲ. ನೌಕರನೊಬ್ಬನ ಕಂಪ್ಯೂಟರಿಗೆ ದುಷ್ಟ ತಂತ್ರಾಂಶ ಹೊಕ್ಕರೆ, ಆ ನೌಕರನಿಗೆ ಬರೆಯಲು ಅನುಮತಿಯಿರುವ ಪ್ರತಿ ಕಡತವನ್ನೂ ಅದು ಕೆಡಿಸಬಲ್ಲದು. ಅವನಿಗೆ ಎಲ್ಲವೂ ತೆರೆದಿದ್ದರೆ ಅದಕ್ಕೂ ಎಲ್ಲವೂ ತೆರೆದಂತೆಯೇ.

ಹಿಂದಿರುಗದ ಬಾಣ

ಸರಿ, ತಪ್ಪಾಯಿತೆಂದು ತಿಳಿದಾಗ ಹಿಂದಿನಂತೆ ಮಾಡಿಬಿಟ್ಟರಾಯಿತಲ್ಲವೇ ಎಂದು ಕೇಳಬಹುದು. ಕಷ್ಟವಿರುವುದು ಅಲ್ಲಿಯೇ. ಆಜ್ಞೆ ಬಿಟ್ಟ ಬಾಣದಂತೆ. ಹಿಂದೆ ಪ್ರತಿ ಫೋಲ್ಡರಿನಲ್ಲಿ ಯಾರಿಗೆ ಏನಿತ್ತು ಎಂಬುದನ್ನು ಅದು ಬರೆದಿಟ್ಟುಕೊಂಡು ಹೋಗುವುದಿಲ್ಲ. ಇದ್ದದ್ದರ ಮೇಲೆ ಹೊಸದನ್ನು ಬರೆಯುತ್ತದೆ. ಹತ್ತು ವರ್ಷಗಳಲ್ಲಿ ಹತ್ತು ಮಂದಿ ಯೋಚಿಸಿ ಮಾಡಿದ್ದ ವಿನಾಯಿತಿಗಳು, ನಿರ್ಬಂಧಗಳು ಒಂದೇ ನಿಮಿಷದಲ್ಲಿ ಅಳಿಸಿಹೋಗಬಹುದು. ಮರಳಿ ‘ಯಾರಿಗೂ ಇಲ್ಲ’ ಎಂದು ಆಜ್ಞೆ ಕೊಟ್ಟರೆ ಅದು ಹಿಂದಿನ ಸ್ಥಿತಿಯಲ್ಲ. ಅದು ಮತ್ತೊಂದು ಅನಾಹುತ. ರಾತ್ರಿ ಎರಡು ಗಂಟೆಗೆ ಬಿಲ್ಲುಗಳನ್ನು ಕೂಡಿಸಿ ಬ್ಯಾಂಕಿಗೆ ಕಳಿಸುವ ಪ್ರೋಗ್ರಾಮಿಗೂ ಯಂತ್ರದಲ್ಲಿ ಒಂದು ಹೆಸರಿರುತ್ತದೆ, ಅದೂ ಅನುಮತಿಯ ಮೇಲೆ ಬದುಕುವಂಥದು. ಬಾಗಿಲು ಮುಚ್ಚಿದ್ದನ್ನು ಕಂಡು ಅದು ನಿಂತುಹೋಗುತ್ತದೆ. ಬೆಳಿಗ್ಗೆ ಹಣ ಬರುವುದಿಲ್ಲ.

ಫೋಲ್ಡರು ಮತ್ತು ಕಡತಗಳ ಭೇದವನ್ನು ಮರೆತರೆ ಇನ್ನೊಂದು ಬಗೆಯ ತೊಂದರೆ. ‘ಓದಲು ಮಾತ್ರ’ ಎಂಬ ಅನುಮತಿಯನ್ನು ಮರದ ತುದಿಯವರೆಗೂ ಹರಡಿದರೆ ಫೋಲ್ಡರುಗಳನ್ನು ಹಾದುಹೋಗುವ ಹಕ್ಕು ಹೋಗುತ್ತದೆ. ಹೆಸರುಗಳು ಕಾಣುತ್ತವೆ, ಕಡತಗಳು ತೆರೆಯುವುದಿಲ್ಲ. ಬಲ್ಲವರು ‘ಓದು ಮತ್ತು ಹಾದುಹೋಗು’ ಎಂದು ಎರಡನ್ನೂ ಜೊತೆಯಾಗಿ ಕೊಡುತ್ತಾರೆ. ಇಲ್ಲವೇ ‘ಫೈಂಡ್’ ಎಂಬ ಹುಡುಕುವ ಆಜ್ಞೆಯ ನೆರವಿನಿಂದ ಫೋಲ್ಡರುಗಳನ್ನು ಒಂದು ಸಾಲಿಗೆ, ಕಡತಗಳನ್ನು ಇನ್ನೊಂದು ಸಾಲಿಗೆ ನಿಲ್ಲಿಸಿ, ಯಾರಿಗೆ ಯಾವುದು ತಕ್ಕದ್ದೋ ಅದನ್ನು ಬೇರೆ ಬೇರೆಯಾಗಿ ಬಡಿಸುತ್ತಾರೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. ಈ ಯಂತ್ರದಲ್ಲಿ ವ್ಯಕ್ತಿಯೊಬ್ಬನಿಗೆ ಪ್ರತ್ಯೇಕವಾಗಿ ಕೊಟ್ಟ ಅನುಮತಿಯು ಅವನ ವಿವರಗಳಿರುವ ದಾಖಲೆಯಲ್ಲಿಯೇ, ಕಡತಕ್ಕೊಂದು ನಮೂದಿನಂತೆ, ಬರೆಯಲ್ಪಡುತ್ತದೆ. ಲಕ್ಷ ಕಡತಗಳಿಗೆ ಇಪ್ಪತ್ತು ಮಂದಿಯ ಹೆಸರಿನಲ್ಲಿ ಬೇರೆ ಬೇರೆ ಅನುಮತಿ ಕೊಟ್ಟರೆ ೨೦ ಲಕ್ಷ ನಮೂದುಗಳು! ದಾಖಲೆಗಳು ಉಬ್ಬುತ್ತವೆ, ಭದ್ರತೆಯ ವಿವರಗಳ ನಕಲು ತೆಗೆದಿಡುವ ಕೆಲಸ ಗಂಟೆಗಟ್ಟಲೆ ಎಳೆಯುತ್ತದೆ. ಇದಕ್ಕೆ ರಾಚೆಸ್ಟರಿನವರು ಸೊಗಸಾದ ಪರಿಹಾರವೊಂದನ್ನಿಟ್ಟಿದ್ದಾರೆ: ಅನುಮತಿ ಪಟ್ಟಿ. ಇಪ್ಪತ್ತು ಹೆಸರುಗಳನ್ನು ಒಂದು ಪಟ್ಟಿಯಲ್ಲಿ ಬರೆದು, ಕಡತಗಳನ್ನೆಲ್ಲ ಆ ಪಟ್ಟಿಗೆ ಒಪ್ಪಿಸುವುದು. ನಾಳೆ ಇಪ್ಪತ್ತೊಂದನೆಯವರು ಬಂದರೆ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಒಬ್ಬರು ಕೆಲಸ ಬಿಟ್ಟರೆ ಒಂದು ಸಾಲು ಹೊಡೆದುಹಾಕಿದರೆ ಸಾಕು. ಲಕ್ಷ ಕಡತಗಳ ತಂಟೆಗೇ ಹೋಗಬೇಕಾಗಿಲ್ಲ.

ಕ್ರಮವರಿತ ಕೈ

ಹಾಗಾದರೆ ಆ ರಾತ್ರಿ ಬೆಂಗಳೂರಿನ ತರುಣಿ ಏನು ಮಾಡಬೇಕಾಗಿತ್ತು? ಅನುಭವಸ್ಥರು ಅನುಸರಿಸುವ ಕ್ರಮ ಹೀಗಿದೆ.

ಮೊದಲು, ಗುಮಾಸ್ತೆಗೆ ಏಕೆ ಸಿಕ್ಕುತ್ತಿಲ್ಲವೆಂದು ನೋಡುವುದು. ಅವಳ ಹೆಸರಿನಲ್ಲೇ ತಡೆಯಿದೆಯೇ? ಗುಂಪಿಗೆ ಅವಳನ್ನು ಸೇರಿಸಲು ಮರೆತಿದ್ದಾರೆಯೇ? ದಾರಿಯ ನಡುವಿನ ಯಾವುದಾದರೂ ಒಂದು ಫೋಲ್ಡರು ಮುಚ್ಚಿದೆಯೇ? ಗುಂಪಿಗೆ ಸೇರಿಸಿದರೆ ತೀರುವ ತೊಂದರೆಯಾದರೆ ಕಡತಗಳನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಎರಡನೆಯದಾಗಿ, ಬದಲಾವಣೆ ಅನಿವಾರ್ಯವಾದರೆ ಈಗಿರುವ ಅನುಮತಿಗಳ ಪಟ್ಟಿಯನ್ನು ಮುದ್ರಿಸಿಯೋ ಕಡತದಲ್ಲಿ ಬರೆಸಿಯೋ ಇಟ್ಟುಕೊಳ್ಳುವುದು. ಯಂತ್ರ ಇದನ್ನು ಕೇಳಿದರೆ ಕೊಡುತ್ತದೆ. ಕೇಳದಿದ್ದರೆ ತಾನಾಗಿ ಕೊಡುವುದಿಲ್ಲ. ಹಿಂದಿರುಗಲು ನೆಚ್ಚಬಹುದಾದ ದಾರಿ ಈ ಪಟ್ಟಿ.

ಮೂರನೆಯದಾಗಿ, ಎಷ್ಟು ಕೆಳಗಿನ ಫೋಲ್ಡರಿನಿಂದ ಆರಂಭಿಸಬಹುದೋ ಅಷ್ಟು ಕೆಳಗಿನಿಂದ ಆರಂಭಿಸುವುದು. ‘ಬಿಲ್ಲು’ ಬೇಕಾದವಳಿಗೆ ‘ಲೆಕ್ಕಪತ್ರ’ವನ್ನು ಏಕೆ ಕೊಡಬೇಕು? ಎಲ್ಲಕ್ಕೂ ಮೂಲವಾದ ಬೇರಿನ ಮೇಲಂತೂ ‘ಕೆಳಗಿನ ಎಲ್ಲಕ್ಕೂ’ ಎಂಬ ಮಾತನ್ನು ಎಂದೂ ಆಡತಕ್ಕದ್ದಲ್ಲ. ಯಂತ್ರವನ್ನು ನಡೆಸುವ ಕಾರ್ಯವ್ಯವಸ್ಥೆಯ ಸ್ವಂತ ಕಡತಗಳೂ ಅದೇ ಬೇರಿನಿಂದ ಕವಲೊಡೆದವು.

ನಾಲ್ಕನೆಯದಾಗಿ, ಒಂದು ದಿನದ ಫೋಲ್ಡರಿನ ಮೇಲೆ ಮೊದಲು ಪ್ರಯೋಗಿಸಿ, ಗುಮಾಸ್ತೆಯಿಂದಲೇ ತೆರೆಯಿಸಿ ನೋಡಿ, ಬಳಿಕ ಉಳಿದವುಗಳಿಗೆ ವಿಸ್ತರಿಸುವುದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳನ್ನು ಹಿಚುಕಿ ನೋಡುವ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ.

ಐದನೆಯದಾಗಿ, ನಾಳೆ ಹುಟ್ಟುವ ಫೋಲ್ಡರುಗಳ ಯೋಚನೆ. ಹೊಸ ಫೋಲ್ಡರು ಸಾಮಾನ್ಯವಾಗಿ ತಾಯಿ ಫೋಲ್ಡರಿನ ಅನುಮತಿಗಳನ್ನೇ ಪಡೆದು ಹುಟ್ಟುತ್ತದೆ. ತಾಯಿಯನ್ನು ತಿದ್ದದೆ ಮಕ್ಕಳನ್ನು ಮಾತ್ರ ತಿದ್ದಿದರೆ ಇದೇ ದೂರು ನಾಳೆ ಬೆಳಿಗ್ಗೆ ಮತ್ತೆ ಬರುತ್ತದೆ. ಹಾಗೆಂದು ಕಡತಗಳೆಲ್ಲವೂ ತಾಯಿಯನ್ನೇ ಹೋಲುತ್ತವೆಂದೂ ನಂಬುವಂತಿಲ್ಲ. ಕೆಲವು ಪ್ರೋಗ್ರಾಮುಗಳು ತಾವು ಸೃಷ್ಟಿಸುವ ಕಡತಗಳಿಗೆ ತಮ್ಮದೇ ಅನುಮತಿಗಳನ್ನು ವಿಧಿಸುವುದುಂಟು.

ಕೊನೆಯದಾಗಿ, ಆಜ್ಞೆ ಮುಗಿದ ಮೇಲೆ ಯಂತ್ರ ಬರೆದ ಸಂದೇಶಗಳನ್ನು ಓದುವುದು. ಬದಲಾಯಿಸುವವರಿಗೇ ಹಕ್ಕಿಲ್ಲದ ಕಡತಗಳು ನಡುವೆ ಇದ್ದರೆ ಅವು ಹಾಗೆಯೇ ಉಳಿದಿರುತ್ತವೆ. ಮೂರು ಸಾವಿರದಲ್ಲಿ ಮೂರು ಉಳಿದರೂ ಆ ಮೂರೇ ನಾಳೆ ಬೇಕಾಗುವವು ಎಂಬುದು ಕಚೇರಿಗಳ ಅಲಿಖಿತ ನಿಯಮ.

ಇಷ್ಟನ್ನೆಲ್ಲ ಮಾಡಲು ಒಂದು ಗಂಟೆ ಹಿಡಿದೀತು. ೭೭೭ಕ್ಕೆ ಒಂದು ನಿಮಿಷ ಸಾಕು. ಗಿರಾಕಿ ಟೆಲಿಫೋನಿನಲ್ಲಿ ಕಾಯುತ್ತಿರುವಾಗ ಆ ಐವತ್ತೊಂಬತ್ತು ನಿಮಿಷಗಳನ್ನು ಕೇಳಿ ಪಡೆಯಲು ಧೈರ್ಯ ಬೇಕು, ಕೊಡಲು ಮೇಲಧಿಕಾರಿಗೆ ವಿವೇಕ ಬೇಕು. ಯಾರದೋ ಸಂಬಳದ ಚೀಟಿ, ಯಾರದೋ ಔಷಧಿಯ ಪಟ್ಟಿ ಪರರ ಕಣ್ಣಿಗೆ ಬೀಳದೆ ಉಳಿಯುವುದು ಈ ಧೈರ್ಯ ವಿವೇಕಗಳಿಂದಲೇ. ಹಾಗೆ ಉಳಿದಾಗ ಯಾರೂ ಬಂದು ವಂದನೆ ಹೇಳುವುದಿಲ್ಲ, ಏಕೆಂದರೆ ಏನೂ ನಡೆದೇ ಇರುವುದಿಲ್ಲ.

ನಮ್ಮ ಮನೆಗಳಲ್ಲಿ ಎ.ಎಸ್. ೪೦೦ ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಮದುವೆಯ ಫೋಟೋಗಳನ್ನು ನೆಂಟರಿಗೆ ತೋರಿಸಲೆಂದು ಅಂತರ್ಜಾಲದಲ್ಲಿ ಫೋಲ್ಡರೊಂದನ್ನು ತೆರೆದು, ‘ಕೊಂಡಿ ಸಿಕ್ಕಿದ ಯಾರೂ ನೋಡಬಹುದು’ ಎಂಬ ಗುಂಡಿಯನ್ನೊತ್ತಿದವರು ನಮ್ಮಲ್ಲಿ ಎಷ್ಟಿಲ್ಲ! ಮರುವರ್ಷ ಅದೇ ಫೋಲ್ಡರಿನೊಳಗೆ ಮನೆಯ ಕ್ರಯಪತ್ರದ ನಕಲನ್ನೂ ಬ್ಯಾಂಕಿನ ಕಾಗದಗಳನ್ನೂ ಸೇರಿಸಿದವರೂ ಇದ್ದಾರೆ. ಆಯುಧಪೂಜೆಯ ದಿನ ಕತ್ತಿ ಕುಡುಗೋಲು ವಾಹನಗಳನ್ನು ತೊಳೆದಿಡುವ ನಾವು, ಆ ಒಂದು ದಿನವಾದರೂ ಇಂಥ ಫೋಲ್ಡರುಗಳನ್ನು ಒಮ್ಮೆ ಸುತ್ತಿ ಬಂದು ಯಾವ ಯಾವ ಬಾಗಿಲು ಯಾರಿಗಾಗಿ ತೆರೆದಿದೆ ಎಂದು ನೋಡಿಕೊಳ್ಳುವುದು ಲೇಸು. ತೆರೆದ ಬಾಗಿಲು ತಾನಾಗಿ ಬಂದು ಹೇಳುವುದಿಲ್ಲ.